ಹುಲ್ಲಿನ ರೋಲ್ ಹೇರಲು 20 ಅಡಿಯ ಚೈನ್ ಏಣಿ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಕಳೆದ ಡಿಸೆಂಬರಿನಲ್ಲಿ ನನ್ನ ತಮ್ಮ ಹುಲ್ಲಿನ ಲೋಡ್ ಮೇಲಿಂದ ಬಿದ್ದ. ಅವನು ನಾಲ್ಕನೇ ಸಾಲಿನ ಮೇಲೆ ನಿಂತಿದ್ದ. ಕೆಳಗಿನಿಂದ ನಾನು ಬಿದಿರಿನ ಕವೆಗೋಲಿನಲ್ಲಿ ರೋಲ್, ಅಂದರೆ ಹುರಿ ಸುತ್ತಿದ ದುಂಡನೆ ಹುಲ್ಲಿನ ಕಟ್ಟು, ಎತ್ತಿ ಕೊಡುತ್ತಿದ್ದೆ. ಎಟುಕಲಿಲ್ಲ ಅಂತ ಬಗ್ಗಿ, ಹುರಿಗೆ ಬೆರಳು ಹಾಕಿ ಎಳೆದ. ರೋಲ್ ಕೋಲಿನಿಂದ ಜಾರಿತು. ಬೆರಳು ಹುರಿಯಲ್ಲೇ ಸಿಕ್ಕಿಕೊಂಡಿತ್ತು. ರೋಲಿನ ಜೊತೆ ಅವನೂ ಬಂದುಬಿಟ್ಟ. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಕೊಂಡಿದ್ದ. ತಲೆಗೆ ಏನೂ ಆಗಲಿಲ್ಲ, ಅದೇ ದೊಡ್ಡದು.

ಆ ರಾತ್ರಿ ನನ್ನ ತಲೆಯಲ್ಲಿ ಒಂದೇ ಮಾತು ಉಳಿಯಿತು. ಮೇಲೆ ನಿಂತವನು ಬಗ್ಗಬಾರದು. ರೋಲ್ ತಾನಾಗಿ ಅವನ ಮೊಣಕಾಲಿನ ಹತ್ತಿರ ಬಂದು ಬೀಳಬೇಕು. ಓರೆಯಾಗಿ ನಿಂತ ಏಣಿಯ ಮೇಲೆ ಇಂಜಿನ್ನಿನಿಂದ ಚೈನ್ ಓಡಿ ರೋಲನ್ನು ಮೇಲಕ್ಕೆ ಒಯ್ಯುವ ಈ ಯಂತ್ರ ಕಟ್ಟಿದ್ದು ಅದಕ್ಕೆ. ಫೆಬ್ರವರಿಯಿಂದ ಜೂನ್ ತನಕ ಏನೇನು ಮಾಡಿದೆ, ಎಲ್ಲೆಲ್ಲಿ ತಪ್ಪಿದೆ ಅನ್ನುವುದನ್ನು ದಿನದ ಪ್ರಕಾರ ಬರೆದಿದ್ದೇನೆ.

ನಮ್ಮದು ದಾವಣಗೆರೆ ಜಿಲ್ಲೆಯ ಮಲೇಬೆನ್ನೂರು ಕಡೆ. ಭದ್ರಾ ನಾಲೆಯ ನೀರು ನಂಬಿದ 4 ಎಕರೆ ಗದ್ದೆ. ಡ್ಯಾಂ ತುಂಬಿ 186 ಅಡಿ ಮುಟ್ಟಿದರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ. ಮೊದಲು ಕೈಯಲ್ಲಿ ಕೊಯ್ದು, ಕಣದಲ್ಲಿ ಬಡಿದು, ಮನೆ ಹಿಂದೆ ಬಣವೆ ಒಟ್ಟುತ್ತಿದ್ದೆವು. ಈಗ ಕಟಾವು ಯಂತ್ರ ಬಂದು ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಅದರ ಹಿಂದೆ ಟ್ರ್ಯಾಕ್ಟರಿಗೆ ಹಾಕಿದ ಹುಲ್ಲು ಕಟ್ಟುವ ಮಿಷನ್ ಬರುತ್ತದೆ. ಉದ್ದ 3 ಅಡಿ, ದಪ್ಪ 2 ಅಡಿ ಇರುವ ದುಂಡನೆ ಕಟ್ಟು ಮಾಡಿ ಬಿಸಾಡುತ್ತದೆ. ಇದನ್ನು ನಮ್ಮಲ್ಲಿ ರೋಲ್ ಅಂತಲೇ ಕರೆಯುತ್ತಾರೆ. ಕಟ್ಟುವ ಕೂಲಿ ರೋಲಿಗೆ 35 ರೂಪಾಯಿ ಕೊಟ್ಟೆವು. ಕಟ್ಟುವವರು ಕಟ್ಟಿ ಹೋಗುತ್ತಾರೆ, ಹೇರುವುದು ಮಾತ್ರ ನಮ್ಮ ಪಾಲಿಗೆ.

ಫೆಬ್ರವರಿ 11: ಅಳತೆ

ಮನೆಯಲ್ಲಿ ಉಳಿದಿದ್ದ 10 ರೋಲ್‌ಗಳನ್ನು ತೂಕ ಹಾಕಿದೆ. 17 ಕೆ.ಜಿ.ಯಿಂದ 23 ಕೆ.ಜಿ. ತನಕ ಬಂತು. 20 ಅಂತ ಹಿಡಿದುಕೊಂಡೆ. ಟ್ರೇಲರ್ ಹಲಗೆ ನೆಲದಿಂದ 3 ಅಡಿ 4 ಇಂಚು ಎತ್ತರದಲ್ಲಿದೆ. ಹಿಂದೆ ಮುಂದೆ ಗಳ ಕಟ್ಟಿ ಹೊರಗೆ ಚಾಚಿದರೆ ಒಂದು ಸಾಲಿಗೆ 14 ರೋಲ್ ಕೂರುತ್ತವೆ. ನಾಲ್ಕು ಸಾಲಿಗೆ 56. ಡಿಸೆಂಬರಿನಲ್ಲಿ ನಾಲ್ಕು ಜನ ಸೇರಿ 56 ಹೇರಲು 70 ನಿಮಿಷ ಹಿಡಿದಿತ್ತು. ಅದರಲ್ಲಿ ಮೊದಲ ಎರಡು ಸಾಲಿಗೆ 20 ನಿಮಿಷವೂ ಆಗಿರಲಿಲ್ಲ. ಮಿಕ್ಕಿದ್ದೆಲ್ಲಾ ಮೇಲಿನ ಎರಡು ಸಾಲಿಗೆ ಹೋಗಿತ್ತು.

ಅಂದರೆ ಕಷ್ಟ ಇರುವುದು ಮೇಲಿನ ನಾಲ್ಕೈದು ಅಡಿಯಲ್ಲಿ. ಕೆಳಗಿನ ಎರಡು ಸಾಲು ಕೈಯಲ್ಲೇ ಹಾಕೋಣ, ಆಮೇಲಿನದಕ್ಕೆ ಮಾತ್ರ ಯಂತ್ರ ಸಾಕು ಅಂತ ತೀರ್ಮಾನ ಮಾಡಿದೆ. ಈ ತೀರ್ಮಾನದಿಂದ ಅರ್ಧ ಖರ್ಚು ಉಳಿಯಿತು. ಏಣಿಯನ್ನು ಏರಿಸಿ ಇಳಿಸುವ ಜ್ಯಾಕು, ವಿಂಚು ಯಾವುದೂ ಬೇಕಾಗಲಿಲ್ಲ.

ಫೆಬ್ರವರಿ 19 ರಿಂದ 26: ಗುಜರಿ ಸುತ್ತಾಟ

ದಾವಣಗೆರೆಯ ಗುಜರಿ ಅಂಗಡಿಗಳಲ್ಲಿ ಅಕ್ಕಿ ಗಿರಣಿಯಿಂದ ಬಂದ ಹಳೇ ಸಾಮಾನು ಬೇಕಾದಷ್ಟು ಸಿಗುತ್ತದೆ. ಸಿಕ್ಕಿದ್ದು ಇಷ್ಟು:

75×40 ಮಿ.ಮೀ. ಅಳತೆಯ ಕಬ್ಬಿಣದ ಚಾನಲ್, 20 ಅಡಿಯದು ಎರಡು. 86 ಕೆ.ಜಿ., ಕೆ.ಜಿ.ಗೆ 48ರಂತೆ 4,130 ರೂಪಾಯಿ. ಪೂರ್ತಿ 20 ಅಡಿ ಸಿಕ್ಕಿದ್ದರಿಂದ ಜೋಡಣೆ ವೆಲ್ಡಿಂಗ್ ಬೇಕಾಗಲಿಲ್ಲ.

1:30 ಗೇರ್‌ಬಾಕ್ಸ್ (ಒಳಗೆ 30 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು), 4,500 ರೂಪಾಯಿ. ತಿರುಪಿನ ಹಲ್ಲಿನದು. ಇದರ ಒಂದು ಗುಣ ನನಗೆ ಆಮೇಲೆ ಗೊತ್ತಾಯಿತು. ಇಂಜಿನ್ ನಿಂತರೂ ಚೈನ್ ಹಿಂದಕ್ಕೆ ಓಡುವುದಿಲ್ಲ, ಮೇಲೆ ಹೋಗುತ್ತಿದ್ದ ರೋಲ್ ಅಲ್ಲೇ ನಿಲ್ಲುತ್ತದೆ.

5.5 ಎಚ್‌ಪಿ ಪೆಟ್ರೋಲ್ ಇಂಜಿನ್, ಸೆಕೆಂಡ್ ಹ್ಯಾಂಡ್, 6,000 ರೂಪಾಯಿ. ಮನೆಯಲ್ಲಿ ಹಳೇ ಡೀಸೆಲ್ ಪಂಪ್ ಇಂಜಿನ್ ಇತ್ತು. ಅದನ್ನೇ ಹಾಕೋಣ ಅಂತ ಅಪ್ಪಾಜಿ ಹೇಳಿದ್ದರು. ಇಬ್ಬರು ಹಿಡಿದರೂ ಅಲ್ಲಾಡದ ತೂಕ, ನಡುಕ ಬೇರೆ. ಬೇಡ ಅಂದೆ.

ಚೈನ್ ಮಾತ್ರ ಹೊಸದು ತಂದೆ. ಕಟಾವು ಯಂತ್ರದ ಬಾಯಿಯಲ್ಲಿ ತೆನೆ ಎಳೆಯುವ ಚೈನ್ ಇರುತ್ತದಲ್ಲ, ಅದೇ ಜಾತಿಯದು. ಸಿಎ 550 ಅಂತ ಕೇಳಬೇಕು, ಕೊಂಡಿಯಿಂದ ಕೊಂಡಿಗೆ 41.4 ಮಿ.ಮೀ. ನಮಗೆ ಬೇಕಾಗಿದ್ದು 12.2 ಮೀಟರ್, ಮೀಟರಿಗೆ 550ರಂತೆ 6,710 ರೂಪಾಯಿ. ಹಳೇ ಚೈನ್ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಎಳೆದು ನೋಡಿದರೆ ಕೊಂಡಿ ಸವೆದು ಉದ್ದ ಆಗಿತ್ತು. ಹಾಗಿರುವ ಚೈನ್ ಹಲ್ಲಿನ ಮೇಲೆ ಸರಿಯಾಗಿ ಕೂರುವುದಿಲ್ಲ.

8 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎರಡು ತಂದು ಹರಿಹರದಲ್ಲಿ ಲೇತ್‌ಗೆ ಕೊಟ್ಟೆ. 35 ಮಿ.ಮೀ. ಶಾಫ್ಟಿಗೆ ತೂತು ಕೊರೆದು, ಚಕ್ರ ಶಾಫ್ಟಿನ ಮೇಲೆ ಜಾರದ ಹಾಗೆ ಕೀ ಕೂರುವ ಗಾಡಿ ಮಾಡಿಸಿದೆ. ಎಲ್ಲಾ ಸೇರಿ 2,100. ಬೇರಿಂಗ್ ಯುಸಿಪಿ 207, ನಾಲ್ಕು. ಹರಿಹರ ಅಂದರೆ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ಊರು. ಲೇತ್ ಮೇಲೆ ಕೈ ಪಳಗಿದವರು ಇನ್ನೂ ಸಿಗುತ್ತಾರೆ. ನಾನು ಚೀಟಿಯಲ್ಲಿ 35 ಅಂತ ಬರೆದಿದ್ದರೂ ಅವರು ಶಾಫ್ಟ್ ತರಿಸಿ ಅಳೆದೇ ಕೊರೆದರು. ಅಳೆದರೆ 34.8 ಇತ್ತು. ಹಾಗೇ ಕೊರೆದಿದ್ದರೆ ಸ್ಪ್ರಾಕೆಟ್ ಅಲುಗಾಡುತ್ತಿತ್ತು.

ಮಾರ್ಚ್ 3 ರಿಂದ 16: ಚೌಕಟ್ಟು

ಎರಡು ಚಾನಲ್ ನಡುವೆ 26 ಇಂಚು ಜಾಗ. ನಡುವೆ 16 ಗೇಜ್ ಶೀಟ್, ಅದರ ಮಧ್ಯ ಚೈನ್ ಓಡುತ್ತದೆ. ಎರಡೂ ಪಕ್ಕ ಒಂದು ಅಡಿ ಎತ್ತರದ ಕಂಬಿ. ರೋಲನ್ನು ಅಡ್ಡ ಇಟ್ಟರೆ ಉರುಳಿ ಕೆಳಗೆ ಬರುತ್ತದೆ. ಅದಕ್ಕೇ ಉದ್ದಕ್ಕೆ ಮಲಗಿಸಿ ಕಳಿಸುವ ಹಾಗೆ ಈ ಅಗಲ ಇಟ್ಟೆ. ಚಾನಲ್ ಕೆಳಗೆ ಆಂಗಲ್‌ನಿಂದ ಆನಿಕೆ ಕೊಟ್ಟೆವು, ಇಲ್ಲದಿದ್ದರೆ ನಡು ಜೋತು ಬೀಳುತ್ತದೆ. ಏಣಿಯ ಅಡಿಯಲ್ಲಿ ಹಳೇ ಟೈರ್ ಗಾಡಿಯ ಅಚ್ಚು ಮತ್ತು ಗಾಲಿ. ಅದು ಮನೆಯಲ್ಲೇ ಇತ್ತು.

ಇಲ್ಲಿ ಮೊದಲ ತಪ್ಪು ಆಯಿತು. ಇಂಜಿನ್ನನ್ನು ಏಣಿಯ ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಿದ್ದೆ. ಏಣಿ ಓರೆಯಾದರೆ ಇಂಜಿನ್ನೂ ಓರೆ. ಶುರು ಮಾಡಿ ಎರಡು ನಿಮಿಷಕ್ಕೆ ನಿಂತಿತು. ಮತ್ತೆ ಹಗ್ಗ ಎಳೆದೆ, ಮತ್ತೆ ನಿಂತಿತು. ಕಾರ್ಬೊರೇಟರ್ ಬಿಚ್ಚಿ ಒಂದು ಇಡೀ ಮಧ್ಯಾಹ್ನ ಸುಮ್ನೆ ಕಳೆದೆ. ಕೊನೆಗೆ ಗೊತ್ತಾಯಿತು, ಆಯಿಲ್ ಒಂದು ಕಡೆ ಸರಿದು, ಆಯಿಲ್ ಕಮ್ಮಿ ಇದೆ ಅಂತ ಒಳಗಿನ ಸೆನ್ಸರ್ ಇಂಜಿನ್ನನ್ನು ನಿಲ್ಲಿಸುತ್ತಿತ್ತು. ಆ ಸೆನ್ಸರ್ ಇರದಿದ್ದರೆ ನಾನು ಹಾಗೇ ಓಡಿಸುತ್ತಿದ್ದೆ, ಇಂಜಿನ್ ಹಿಡಿದುಕೊಳ್ಳುತ್ತಿತ್ತು.

ದಾರಿ ತೋರಿಸಿದ್ದು ವೆಲ್ಡಿಂಗ್ ಅಣ್ಣ. "ಇಂಜಿನ್ನು ಗಾಡಿ ಮೇಲೆ ಮಟ್ಟಸವಾಗಿ ಕೂತಿರಲಿ ತಮ್ಮಾ. ಗೇರ್‌ಬಾಕ್ಸ್ ಅಷ್ಟೇ ಮೇಲಕ್ಕೆ ತಗೋ. ಏಣಿ ತಿರುಗೋ ಶಾಫ್ಟು, ಗೇರ್‌ಬಾಕ್ಸ್ ಶಾಫ್ಟು ಒಂದೇ ಗೆರೆಗೆ ಬರಲಿ" ಅಂದರು. ನನಗೆ ಮೊದಲು ತಿಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಆರೂವರೆ ಅಡಿ ಎತ್ತರಕ್ಕೆ ಕಾಲು ನಿಲ್ಲಿಸಿ, ಅದರ ತುದಿಯಲ್ಲಿ ಏಣಿ ತಿರುಗುವ ಶಾಫ್ಟ್. ಪಕ್ಕದಲ್ಲೇ ಅದೇ ಗೆರೆಯಲ್ಲಿ ಗೇರ್‌ಬಾಕ್ಸ್. ಕೆಳಗೆ ಇಂಜಿನ್, ನಡುವೆ ಬೆಲ್ಟ್. ಹೀಗೆ ಮಾಡಿದರೆ ಏಣಿ ಎಷ್ಟೇ ಓರೆಯಾದರೂ ಬೆಲ್ಟ್ ಸಡಿಲ ಆಗುವುದಿಲ್ಲ, ಗೇರ್‌ಬಾಕ್ಸ್‌ನಿಂದ ಏಣಿಗೆ ಹೋಗುವ ಚೈನೂ ಸಡಿಲ ಆಗುವುದಿಲ್ಲ. ಈ ಇಡೀ ಯಂತ್ರದಲ್ಲಿ ಬುದ್ಧಿವಂತಿಕೆಯ ಕೆಲಸ ಅಂದರೆ ಇದೇ, ಅದು ಅವರದು.

ಮಾರ್ಚ್ 29: ಮೊದಲ ಓಟ, ಕೆಟ್ಟಿತು

ಖರ್ಚು ಕಮ್ಮಿ ಆಗಲಿ ಅಂತ ಕೆಳಗಿನ ತುದಿಯ ಸ್ಪ್ರಾಕೆಟ್ ತಿರುಗಿಸಿದ್ದೆ. ಖಾಲಿ ಓಡುವಾಗ ಚೆನ್ನಾಗಿತ್ತು. ಮೂರು ರೋಲ್ ಹಾಕಿದ ಮೇಲೆ ಕೆಳಗಿನ ತುದಿಯಲ್ಲಿ ಚೈನ್ ಗುಡ್ಡೆ ಬೀಳಲು ಶುರುವಾಯಿತು. ಕಟಕಟ ಅಂತ ಹಲ್ಲು ಹಾರಿತು. ಆಮೇಲೆ ಚೈನ್ ಕಳಚಿ ಪಕ್ಕಕ್ಕೆ ಬಿತ್ತು. ಅಪ್ಪಾಜಿ ರೋಲ್ ಇಡಲು ಅಲ್ಲೇ ಬಗ್ಗಿದ್ದರು. ಒಂದು ಗೇಣು ಈಚೆ ಇದ್ದಿದ್ದರೆ ಅವರ ಕೈ ಸಿಗುತ್ತಿತ್ತು. ಆ ದಿನ ಅಲ್ಲಿಗೇ ನಿಲ್ಲಿಸಿದೆ.

ಭಾರ ಹೊತ್ತ ಚೈನನ್ನು ಮೇಲಿನಿಂದ ಎಳೆಯಬೇಕು. ಕೆಳಗಿನಿಂದ ತಿರುಗಿಸಿದರೆ ಸಡಿಲವೆಲ್ಲಾ ರೋಲ್ ಇಡುವ ಜಾಗದಲ್ಲೇ ಸೇರಿಕೊಳ್ಳುತ್ತದೆ. ಬಾವಿಯಿಂದ ಕೊಡ ಎಳೆಯುವವನಿಗೂ ಗೊತ್ತಿರುವ ವಿಷಯ, ನನಗೆ ಹೊಳೆಯಲಿಲ್ಲ. ಕೆಳಗಿನ ಬ್ರಾಕೆಟ್ ಕೊಯ್ದು ತೆಗೆದೆವು, 1,800 ರೂಪಾಯಿ ದಂಡ. ಗೇರ್‌ಬಾಕ್ಸ್‌ನಿಂದ ಮೇಲಿನ ತುದಿಗೆ ಮುಕ್ಕಾಲು ಇಂಚಿನ ಚೈನ್ ಎಳೆದೆವು. ಎರಡು ಕಡೆಯೂ 15 ಹಲ್ಲು. ಅದಕ್ಕೆ 2,900 ಹೋಯಿತು. ಕೆಳಗಿನ ತುದಿಯಲ್ಲಿ ಚೈನ್ ಬಿಗಿ ಮಾಡಲು ಉದ್ದ ಬೋಲ್ಟ್ ಹಾಕಿದೆವು. ಕೈ ಇಡುವ ಕಡೆ ಪೂರ್ತಿ ಶೀಟ್ ಮುಚ್ಚಿಗೆ. ಇಂಜಿನ್ ನಿಲ್ಲಿಸುವ ಸ್ವಿಚ್ಚನ್ನು ವೈರ್ ಉದ್ದ ಮಾಡಿ ರೋಲ್ ಇಡುವವನ ಪಕ್ಕಕ್ಕೇ ತಂದೆ.

ಏಪ್ರಿಲ್ 5: ರೋಲ್ ಜಾರುತ್ತದೆ

ಚೈನಿಗೆ 8 ಕಡೆ, ಒಂದೂವರೆ ಮೀಟರಿಗೆ ಒಂದರಂತೆ, ತಳ್ಳುವ ಪಟ್ಟಿ ಹಾಕಿದ್ದೆ. ಒಂದು ಇಂಚು ಎತ್ತರದ ಆಂಗಲ್ ತುಂಡು. ರೋಲಿನ ತುದಿ ಹುಲ್ಲಲ್ವಾ, ಮೆತ್ತಗೆ ಇರುತ್ತದೆ. ಪಟ್ಟಿ ಅದರ ಕೆಳಗೆ ನುಸುಳಿ ಹೋಗುತ್ತಿತ್ತು, ರೋಲ್ ನಿಂತಲ್ಲೇ ಇರುತ್ತಿತ್ತು. 1,100 ರೂಪಾಯಿ ಕೆಲಸ ಹಾಳು.

ಅದನ್ನು ತೆಗೆದು 12 ಮಿ.ಮೀ. ಸರಳಿನಿಂದ ಪ್ರತಿ ಕಡೆಗೂ 3 ಇಂಚು ಎತ್ತರದ ಎರಡೆರಡು ಬೆರಳು ಮಾಡಿಸಿದೆ. ತುದಿ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಆಗ ಹುಲ್ಲಿಗೆ ಕಚ್ಚಿಕೊಳ್ಳುತ್ತದೆ. ಮೊದಲ ಎಂಟು ರೋಲಿನಲ್ಲಿ ಎರಡರ ಹುರಿ ಕಡಿಯಿತು, ಹುಲ್ಲೆಲ್ಲಾ ಚೆಲ್ಲಿತು. ಸರಳು ಕೊಯ್ದ ಅಂಚು ಬ್ಲೇಡಿನ ಹಾಗಿತ್ತು. ಎಲ್ಲಾ ತುದಿಯನ್ನೂ ಗ್ರೈಂಡರಿನಲ್ಲಿ ದುಂಡಗೆ ಮಾಡಿ, ಪಕ್ಕದ ಕಂಬಿಯ ವೆಲ್ಡಿಂಗ್ ಗಂಟುಗಳನ್ನೂ ಉಜ್ಜಿದೆ. ಸೆಣಬಿನ ಹುರಿ ತುಂಬಾ ನಾಜೂಕು. ಕೈಯಲ್ಲಿ ಸವರಿದರೆ ಎಲ್ಲೂ ಗೀರಬಾರದು, ಅಷ್ಟು ನುಣುಪಿರಬೇಕು.

ಏಪ್ರಿಲ್ 12: ಕೆಳಗಿನ ತುದಿ ಎದ್ದಿತು

ಗಾಡಿಯ ಕಾಲು ಸರಿಯಾಗಿ ಏಣಿಯ ಮಧ್ಯಕ್ಕೆ, 10 ಅಡಿಗೆ ಇತ್ತು. ಸಾಲಾಗಿ ರೋಲ್ ಹೋಗುವಾಗ ತೊಂದರೆ ಇಲ್ಲ, ಕೆಳಗೂ ಭಾರ ಇರುತ್ತದೆ. ಕೊನೆಯ ಎರಡು ರೋಲ್ ಮೇಲಿನ ಅರ್ಧಕ್ಕೆ ಹೋದಾಗ ಕೆಳಗೆ ಏನೂ ಇಲ್ಲ. ತುದಿ ನೆಲ ಬಿಟ್ಟು ಮೊಣಕಾಲೆತ್ತರಕ್ಕೆ ಎದ್ದಿತು. ಎದುರಿನ ತುದಿ ಟ್ರೇಲರ್ ಮೇಲೆ ಆಳು ನಿಲ್ಲುವ ಕಡೆ ಬಾಗಿತು. ಅದೃಷ್ಟಕ್ಕೆ ಆ ದಿನ ಮೇಲೆ ಯಾರೂ ಇರಲಿಲ್ಲ.

ಕಾಲನ್ನು ಕೆಳಗಿನ ತುದಿಯಿಂದ ಹನ್ನೊಂದೂವರೆ ಅಡಿಗೆ ಸರಿಸಿದೆವು. ವೆಲ್ಡಿಂಗ್ ಅಣ್ಣನಿಗೆ ಇನ್ನೊಂದು ದಿನದ ಕೂಲಿ 1,500. ಈಗ ಕೆಳಗಿನ ತುದಿ ತನ್ನ ಭಾರಕ್ಕೇ ನೆಲಕ್ಕೆ ಕೂತಿರುತ್ತದೆ. ಓರೆ ಸುಮಾರು 31 ಡಿಗ್ರಿ, ಮೇಲಿನ ತುದಿ 11 ಅಡಿ ಎತ್ತರ. ನಾಲ್ಕು ಸಾಲು ಹೇರಿ ಅದರ ಮೇಲೆ ನಿಂತರೆ ರೋಲ್ ಬಂದು ಕಾಲಿನ ಹತ್ತಿರವೇ ಬೀಳುತ್ತದೆ. ನನಗೆ ಬೇಕಾಗಿದ್ದು ಇದೇ.

ಏಪ್ರಿಲ್ 20: ವೇಗ

ಈ ದಿನ ತಮ್ಮ ಮೊದಲ ಸಲ ಮೇಲೆ ಹತ್ತಿದ. ಇಂಜಿನ್ 1,800 ಸುತ್ತಿನಲ್ಲಿದ್ದರೆ ಚೈನ್ ನಿಮಿಷಕ್ಕೆ 20 ಮೀಟರ್ ಓಡುತ್ತಿತ್ತು. ನಾಲ್ಕೂವರೆ ಸೆಕೆಂಡಿಗೆ ಒಂದು ರೋಲ್. ಬೇಗ ಮುಗಿಯುತ್ತದೆ ಅಂತ ನನಗೆ ಖುಷಿ. ಹತ್ತು ರೋಲ್ ಹೋಗುವಷ್ಟರಲ್ಲಿ ತಮ್ಮ ಕೂಗಿದ, "ಅಣ್ಣಾ, ನಿಲ್ಸೋ!" ಒಂದನ್ನು ಜೋಡಿಸಿ ತಿರುಗುವಷ್ಟರಲ್ಲಿ ಎರಡು ಬಂದು ಬಿದ್ದಿದ್ದವು. ಒಂದು ಅವನ ಹಿಂಗಾಲಿಗೆ ಹೊಡೆದಿತ್ತು.

ಸ್ವಿಚ್ ಒತ್ತಿ ಅಲ್ಲೇ ಕೂತೆ. ಯಾರು ಬೀಳಬಾರದು ಅಂತ ಇದನ್ನೆಲ್ಲಾ ಮಾಡಿದೆನೋ ಅವನನ್ನೇ ಬೀಳಿಸುವ ಯಂತ್ರ ಕಟ್ಟಿದ್ದೆ. ಎಷ್ಟು ಬೇಗ ಅಂತ ನಾನು ಕೆಳಗೆ ನಿಂತು ಲೆಕ್ಕ ಹಾಕಿದ್ದೆ. ಮೇಲೆ ನಿಂತವನ ಕೈ ನೋಡಿ ಲೆಕ್ಕ ಹಾಕಬೇಕಿತ್ತು.

ಮೇಲಿನ ತುದಿಯ 15 ಹಲ್ಲು ತೆಗೆದು 30 ಹಲ್ಲು ಹಾಕಿದೆ, 850 ರೂಪಾಯಿ. ವೇಗ ಅರ್ಧಕ್ಕೆ ಬಂತು. 9 ಸೆಕೆಂಡಿಗೆ ಒಂದು. ತಮ್ಮನಿಗೆ ಸಾಕಾಗುವಷ್ಟು ಸಮಯ. ಜೊತೆಗೆ ಮೇಲಿನವನು "ಹೂಂ" ಅನ್ನದೆ ಕೆಳಗಿನವನು ರೋಲ್ ಇಡಬಾರದು ಅಂತ ಮಾತಾಯಿತು.

ಮೇ 14: ಗದ್ದೆಯಲ್ಲಿ

ಬೇಸಿಗೆ ಬೆಳೆ ಕಟಾವಾಗಿ ಎರಡು ದಿನ ಬಿಸಿಲು ಕಂಡ ಹುಲ್ಲು. 4 ಎಕರೆಗೆ 236 ರೋಲ್ ಬಂತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ನಮಗೂ ಅವಸರ.

ಟ್ರೇಲರ್ ಪಕ್ಕದಲ್ಲೇ ಏಣಿಯನ್ನೂ ಎಳೆದುಕೊಂಡು ಗದ್ದೆ ತುಂಬಾ ಓಡಾಡೋಣ ಅಂತ ನನ್ನ ಯೋಚನೆ ಇತ್ತು. 30 ಗಜ ಹೋಗಲಿಲ್ಲ. ಕಟಾವು ಯಂತ್ರ ಒದ್ದೆ ಮಣ್ಣಲ್ಲಿ ಓಡಾಡಿ ಮಾಡಿದ ಗುಂಡಿ ಒಣಗಿ ಕಲ್ಲಾಗಿತ್ತು. ಒಂದು ಗಾಲಿ ಅದರೊಳಗೆ ಇಳಿದು ಏಣಿ ವಾಲಿತು. ನಾಲ್ಕು ಜನ ಹಿಡಿದು ನಿಲ್ಲಿಸಿದೆವು. ಅಷ್ಟು ಎತ್ತರದ ವಸ್ತು ಮಟ್ಟ ಇಲ್ಲದ ನೆಲದಲ್ಲಿ ಓಡಾಡಬಾರದು. ಆಮೇಲೆ ಎಕರೆಗೆ ಒಂದು ಗಟ್ಟಿ ಜಾಗ ನೋಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ, ರೋಲ್‌ಗಳನ್ನೇ ಅಲ್ಲಿಗೆ ಉರುಳಿಸಿಕೊಂಡು ಬಂದೆವು. ದುಂಡನೆ ರೋಲ್ ಕಾಲಲ್ಲಿ ತಳ್ಳಿದರೂ ಉರುಳುತ್ತದೆ. ನಮ್ಮ ಮನೆಯ ಹುಡುಗರು ಇದನ್ನು ಆಟದ ಹಾಗೆ ಮಾಡಿದರು. ಯಂತ್ರದ ಹತ್ತಿರ ಮಾತ್ರ ಬಿಡಲಿಲ್ಲ.

ಎರಡನೇ ಲೋಡಿನ ನಡುವೆ ಸುಟ್ಟ ವಾಸನೆ ಬಂತು. ಬೆಲ್ಟ್ ಇರಬಹುದು ಅಂದುಕೊಂಡೆ. ಬಗ್ಗಿ ನೋಡಿದರೆ ಏಣಿಯಿಂದ ಉದುರಿದ ಹೊಟ್ಟು ಸೈಲೆನ್ಸರ್ ಮೇಲೆ ಗುಪ್ಪೆ ಬಿದ್ದು, ಅಡಿಭಾಗ ಕಪ್ಪಾಗಿ, ಸಣ್ಣಗೆ ಹೊಗೆ ಏಳುತ್ತಿತ್ತು. ಮೇಲೆ 40 ರೋಲ್ ಒಣ ಹುಲ್ಲು, ಅದರ ಮೇಲೆ ತಮ್ಮ. ಕುಡಿಯಲು ತಂದಿದ್ದ ಕೊಡದ ನೀರು ಸುರಿದೆ. ನನ್ನ ಕೈ ಎಷ್ಟೋ ಹೊತ್ತು ನಡುಗುತ್ತಿತ್ತು. ಇಷ್ಟು ದಿನ ಇಂಜಿನ್ ಎಲ್ಲಿ ಕೂರಬೇಕು ಅಂತ ಯೋಚಿಸಿದ್ದೆ, ಅದರ ಮೇಲೆ ಏನು ಉದುರುತ್ತದೆ ಅಂತ ಯೋಚಿಸಿರಲಿಲ್ಲ. ಈ ಬರಹದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ಆ ದಿನ ಯಂತ್ರ ಮತ್ತೆ ಶುರು ಮಾಡಲಿಲ್ಲ. ಸಂಜೆಗೇ ಇಂಜಿನ್ ಮೇಲೆ ಓರೆ ಶೀಟಿನ ಮಾಡು, ಸುತ್ತ ಸಣ್ಣ ಜಾಲರಿ ಹಾಕಿಸಿದೆ, 650 ರೂಪಾಯಿ. ಸೈಲೆನ್ಸರ್ ಬಾಯಿ ಲೋಡಿನ ಕಡೆಯಿಂದ ಹೊರಕ್ಕೆ ತಿರುಗಿಸಿದೆ. ಈಗ 30 ರೋಲಿಗೊಮ್ಮೆ ನಿಲ್ಲಿಸಿ ಹೊಟ್ಟು ಗುಡಿಸುತ್ತೇವೆ. ಎರಡು ಕೊಡ ನೀರು, ಒಂದು ನೆನೆಸಿದ ಗೋಣಿಚೀಲ ಪಕ್ಕದಲ್ಲೇ ಇರುತ್ತದೆ. ಇಂಜಿನ್ ಆರುವ ತನಕ ಪೆಟ್ರೋಲ್ ಹಾಕುವುದಿಲ್ಲ. ಬೀಡಿ ಸೇದುವವರು ಬದು ದಾಟಿ ಹೋಗಬೇಕು.

ಮೇ 15 ಮತ್ತು 16: ಉಳಿದ ಲೋಡ್

ಯಂತ್ರ ಇದೆ ಅಂತ ಐದನೇ ಸಾಲೂ ಹಾಕಿದೆವು. ಒಂದು ಲೋಡಿಗೆ 70 ರೋಲ್, ನಾಲ್ಕು ಜನ, 35 ನಿಮಿಷ. ಲೋಡಿನ ತುದಿ ಹನ್ನೆರಡೂವರೆ ಅಡಿ ತನಕ ಹೋಯಿತು. ಹೊರಡುವ ಮುಂಚೆ ಅಪ್ಪಾಜಿ ದಾರಿಯ ಕರೆಂಟ್ ತಂತಿ ನೆನಪು ಮಾಡಿದರು. ಹುಲ್ಲಿನ ಲೋಡಿಗೆ ತಂತಿ ತಾಗಿ ಟ್ರ್ಯಾಕ್ಟರ್ ಸಮೇತ ಸುಟ್ಟ ಸುದ್ದಿ ನಮ್ಮ ಕಡೆ ಪ್ರತಿ ಸುಗ್ಗಿಗೂ ಕೇಳುತ್ತೇವೆ. ಲೈನ್‌ಮನ್ ಅಣ್ಣನನ್ನು ಕರೆದು ದಾರಿ ತೋರಿಸಿದೆ. ಒಂದು ಕಡೆ ಐದು ಸಾಲಿನ ಲೋಡ್ ಹೋಗಬಾರದು ಅಂದರು. ಆ ದಾರಿ ಬಿಟ್ಟು ಒಂದು ಕಿಲೋಮೀಟರ್ ಸುತ್ತಿ ಬಂದೆವು. ಕೋಲು ಎತ್ತಿ ತಂತಿ ಅಳೆಯಲು ಮಾತ್ರ ಯಾರೂ ಹೋಗಬೇಡಿ. ಈ ಏಣಿಯೂ 20 ಅಡಿಯ ಕಬ್ಬಿಣವೇ. ತಂತಿ ಇರುವ ಕಡೆ ಅದನ್ನು ನಿಲ್ಲಿಸುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಎಳೆಯುವಾಗ ಕೆಳಗಿನ ತುದಿ ಎತ್ತಿ ಗಾಡಿಯ ಮೂಕಿಗೆ ಪಿನ್ ಹಾಕಿ ಮಲಗಿಸಿಯೇ ಎಳೆಯುತ್ತೇವೆ.

ಕೊನೆಯ 26 ರೋಲ್ ಮನೆಗೆ ಬಂದಾಗ ಹನಿ ಬೀಳುತ್ತಿತ್ತು. ಅದರಲ್ಲಿ ಆರು ರೋಲ್ ಬದುವಿನ ಪಕ್ಕದವು. ನಡುವಿಗೆ ಕೈ ತೂರಿಸಿದರೆ ಬೆಚ್ಚಗಿತ್ತು, ತೇವದ ವಾಸನೆ. ಅವನ್ನು ಬಣವೆಗೆ ಸೇರಿಸದೆ ಬಿಚ್ಚಿ ಹರಡಿದೆವು. ಹಸಿ ರೋಲ್ ಒಳಗೇ ಕಾವು ಕಟ್ಟಿ ಬೂಷ್ಟು ಹಿಡಿಯುತ್ತದೆ, ಎಮ್ಮೆ ಮೂಸಿ ಬಿಡುತ್ತದೆ.

ಜೂನ್ 2: ಲಾರಿಗೆ

ನಮ್ಮ ನಾಲೆ ಕಡೆಯ ಹುಲ್ಲು ಬಯಲುಸೀಮೆಗೆ ಹೋಗುವುದು ಹಳೇ ರೂಢಿ. 1997ಕ್ಕೆ ಮುಂಚೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಬೇರೆಯಾದರೂ ಹುಲ್ಲಿನ ದಾರಿ ಬದಲಾಗಿಲ್ಲ. ಚಳ್ಳಕೆರೆ ಕಡೆಯಿಂದ ಬಂದವರು 110 ರೋಲ್ ಕೇಳಿದರು. ಹೇರುವ ಆಳು ಇಲ್ಲದೆ ಲಾರಿ ನಿಂತಿತ್ತು. ಲಾರಿಯ ಪಕ್ಕದ ಹಲಗೆ ನಮ್ಮ ಟ್ರೇಲರಿಗಿಂತ ಎತ್ತರ, ಅಲ್ಲಿ ಏಣಿ ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು. ಮೂರು ಜನ ಒಂದು ಗಂಟೆಯಲ್ಲಿ ಮುಗಿಸಿದೆವು. ಬಂದಿದ್ದ ಹಿರಿಯರು ಎರಡು ಸಲ ಸುತ್ತು ಹಾಕಿ ನೋಡಿ, "ಯಜಮಾನ್ರೇ, ಇದನ್ನ ನಮ್ಮ ಕಡೆ ಶೇಂಗಾ ಹೊಟ್ಟಿನ ಚೀಲಕ್ಕೂ ಹಾಕಬೌದೇನ್ರಿ?" ಅಂತ ಅಪ್ಪಾಜಿಯನ್ನು ಕೇಳಿದರು. ಚೀಲಕ್ಕೆ ಬೆರಳು ಬೇಡ, ಅಗಲ ಪಟ್ಟಿ ಬೇಕು. ಬೆರಳು ಚೀಲ ಹರಿಯುತ್ತದೆ.

ಲೆಕ್ಕ

ಸಾಮಾನು, ಲೇತ್, ವೆಲ್ಡಿಂಗ್ ಅಣ್ಣನ 4 ದಿನದ ಕೂಲಿ, ಇಂಜಿನ್ ಮೇಲಿನ ಮಾಡು ಎಲ್ಲಾ ಸೇರಿ 44,010 ರೂಪಾಯಿ. ತಪ್ಪಿಗೆ ಹೋದದ್ದು 5,250: ಕೆಳಗಿನ ಬ್ರಾಕೆಟ್ 1,800, ಗಿಡ್ಡ ಪಟ್ಟಿ 1,100, ಕಾಲು ಸರಿಸಿದ್ದು 1,500, ಸ್ಪ್ರಾಕೆಟ್ ಬದಲು 850. ಒಟ್ಟು 49,260. ಪೆಟ್ರೋಲ್ ಒಂದು ಲೋಡಿಗೆ ಅರ್ಧ ಲೀಟರೂ ಹಿಡಿಯಲಿಲ್ಲ. ನಮ್ಮ ಮನೆಯವರ ಕೂಲಿ ಇದರಲ್ಲಿ ಸೇರಿಲ್ಲ.

ಬಾಕಿ ಇರುವ ಕೆಲಸ ಎರಡು. ಕೆಳಗಿನ ತುದಿಯ ಬೇರಿಂಗ್ ಮಣ್ಣಿಗೆ ಹತ್ತಿರ ಇದೆ, ಧೂಳು ಸೇರಿ ಈಗಲೇ ಗುರ್ ಅನ್ನುತ್ತಿದೆ. ನಾಲ್ಕು ಇಂಚು ಎತ್ತರಿಸಿ ಮುಚ್ಚಳ ಹಾಕಬೇಕು. ಇನ್ನೊಂದು, ಮೇಲಿನವನ ಕೈಗೂ ಒಂದು ಸ್ವಿಚ್ ಕೊಡಬೇಕು. ಈಗ ಅವನು ಕೂಗಬೇಕು, ಇಂಜಿನ್ ಸದ್ದಿನಲ್ಲಿ ಕೆಳಗಿನವರಿಗೆ ಕೇಳಬೇಕು. ವೈರ್ ತಂದಿಟ್ಟಿದ್ದೇನೆ. ಡಿಸೆಂಬರ್ ಕಟಾವಿಗೆ ಮುಂಚೆ ತಮ್ಮನೇ ಕೂತು ಅದನ್ನು ಹಾಕುತ್ತಾನಂತೆ, ಎಲ್ಲಿರಬೇಕು ಅಂತ ಅವನಿಗೇ ಗೊತ್ತು.